ಡಬ್ಬಿ ತಗದ್ರ ಪಾಪ ಬರಂಗಿಲ್ಲ

ಇದ್ದದ್ದ ಮೊದಲ ಹೇಳಿಬಿಡ್ತೀನಿ. ಮೋಂ ಬ್ಲಾಂ ಅನ್ನೋ ಚೆಸ್ಟ್‌ನಟ್ ಸಿಹಿ ಮಾಡಲಿಕ್ಕೆ ಮನ್ಯಾಗ ಕೂತು ಚೆಸ್ಟ್‌ನಟ್ ಸುಲೀಲೇಬೇಕು ಅನ್ನೋರ ಮಾತು ನಾ ಒಪ್ಪಂಗಿಲ್ಲ. ಸುಲಿಯೋ ಹೌಸ್ ಇದ್ದವರು ಸುಲೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಡಬ್ಬಿ ತಗದು ಮಾಡಿದಾಕಿನ್ನ ಮೈಗಳ್ಳಿ ಅನ್ನೋ ಹಕ್ಕು ಯಾರಿಗೂ ಇಲ್ಲ. ಹಂಗ ಅನ್ನೋರೊಳಗ ಮುಕ್ಕಾಲು ಮಂದಿ ಆ ಕಾಯಿ ಒಂದರ ಸುಲದು ನೋಡಿದವರಲ್ಲ, ಅದೂ ಒಂದು ಮಾತು.

ಗೊತ್ತಿಲ್ಲದವರಿಗೆ ಇದೇನು ಪದಾರ್ಥ ಅಂತ ಹೇಳ್ತೀನಿ. ಮೋಂ ಬ್ಲಾಂ ಅಂದ್ರ ಫ್ರಾನ್ಸ್ ಮತ್ತು ಇಟಲಿ ಗಡಿಯೊಳಗ ಇರೋ ಆಲ್ಪ್ಸ್ ಪರ್ವತದ ಶಿಖರ. 4800 ಮೀಟರಿಗೂ ಮಿಕ್ಕಿ ಎತ್ತರ, ಹೆಸರಿನ ಅರ್ಥ ಬಿಳಿ ಬೆಟ್ಟ ಅಂತ. ಆ ಬೆಟ್ಟದ ಹೆಸರನ್ನ ಒಂದು ಸಿಹಿಗೆ ಇಟ್ಟಾರ. ಕೆಳಗ ತತ್ತಿಯ ಬಿಳಿ ಭಾಗಕ್ಕ ಸಕ್ಕರಿ ಹಾಕಿ ಕಡದು ಒಣಗಿಸಿದ ಮೆರಿಂಗ್, ಅದರ ಮ್ಯಾಲೆ ನೊರಿ ಬರೂ ಹಂಗ ಕಡದ ಕೆನಿ, ಅದರ ಮ್ಯಾಲೆ ಶಾವಿಗಿ ಹಂಗ ಒತ್ತಿದ ಚೆಸ್ಟ್‌ನಟ್ ಹೂರಣ. ಇಟಲಿಯ ಪಿಯೆಮೊಂಟ್ ಕಡೆಯವರು ಇದಕ್ಕ ಮೊಂಟೆ ಬಿಯಾಂಕೊ ಅಂತಾರ. ಪ್ಯಾರಿಸ್ಸಿನೊಳಗ 1903ರಲ್ಲಿ ಆಂತ್ವಾನ್ ರುಂಪೆಲ್ಮಾಯರ್ ಅನ್ನೋರು ತಗದ ಆಂಜಲೀನಾ ಅಂತ ಚಹಾದಂಗಡಿ ಅದ, ಅಲ್ಲಿ ಇವತ್ತಿಗೂ ಇದೇ ಹೆಸರುವಾಸಿ. ಈಗ ಮನಿಗಳೊಳಗ ಬೆಟ್ಟ ಮಾಡೋ ಬದಲಿ ಸಣ್ಣ ಗಾಜಿನ ಗ್ಲಾಸಿನೊಳಗ ಪದರ ಪದರ ಹಾಕಿ ಕೊಡ್ತಾರ. ಆ ಗ್ಲಾಸಿಗೆ ವೆರೀನ್ ಅಂತ ಹೆಸರು. ಬೆಟ್ಟ ಒಂದ ಕಡೆ ವಾಲಿ ಬೀಳ್ತದ ಅನ್ನೋ ಕಾಳಜಿ ಇಲ್ಲ, ಹಂಚಲಿಕ್ಕೂ ಸಲೀಸು. ನನಗಂತೂ ಈ ಗ್ಲಾಸಿನ ಪದ್ಧತಿ ಭಾಳ ಸೇರಿತು.

ಹೂರಣ ಅಂತ ಸುಮ್ಮನ ಅನ್ನಲಿಲ್ಲರಿ. ಚೆಸ್ಟ್‌ನಟ್ ಅಂದಕೂಡಲೇ ನಮ್ಮವರು ಗೋಡಂಬಿ, ಬದಾಮಿ ಜಾತಿ ಅಂತ ತಿಳಕೋತಾರ. ಅಲ್ಲ. ಗೋಡಂಬಿ, ಬದಾಮಿಯೊಳಗ ಹೆಚ್ಚು ಕಡಿಮಿ ಅರ್ಧ ಎಣ್ಣಿನೇ. ಚೆಸ್ಟ್‌ನಟ್ಟಿನೊಳಗ ಎಣ್ಣಿ ಅಂಶ ಭಾಳ ಕಡಿಮಿ, ತುಂಬಿದ್ದು ಹಿಟ್ಟಿನ ಅಂಶ. ಬೇಯಿಸಿದ್ರ ಬಟಾಟಿ, ಗೆಣಸಿನ ಹಂಗ ಮೆತ್ತಗಾಗ್ತದ. ಫ್ರಾನ್ಸಿನ ದಕ್ಷಿಣಕ್ಕ ಸೆವೆನ್, ಆರ್ದೆಶ್ ಅನ್ನೋ ಗುಡ್ಡಗಾಡಿನೊಳಗ ಗೋದಿ ಸರಿಯಾಗಿ ಬರದ ಕಡೆ ಬಡವರು ನೂರಾರು ವರ್ಷ ಇದನ್ನ ತಿಂದೇ ಬದುಕಿದ್ರು. ಆ ಮರಕ್ಕ ಅವರು ರೊಟ್ಟಿ ಮರ ಅಂತನ ಹೆಸರಿಟ್ಟಿದ್ರು. ನಮಗ ಜ್ವಾಳ ಇದ್ದಂಗ ಅವರಿಗೆ ಇದು. ಹಿಂತಾದ್ದನ್ನ ಬೇಯಿಸಿ, ಅರದು, ಸಕ್ಕರಿ ಹಾಕಿ ಕಾಸಿದ್ರ ಅದು ಹೂರಣ ಅಲ್ಲದ ಮತ್ತೇನು?

ಈಗ ಡಬ್ಬಿ ವಿಷಯಕ್ಕ ಬರ್ತೀನಿ. ಆರ್ದೆಶ್ ಜಿಲ್ಲಾದೊಳಗ ಪ್ರಿವಾ ಅಂತ ಊರು. ಅಲ್ಲಿ ಕ್ಲೆಮಾಂ ಫೋಜಿಯೇ ಅನ್ನೋ ಮನಿಶಾ 1882ರಲ್ಲಿ ಮರೋಂ ಗ್ಲಾಸೆ ಮಾಡೋ ಕಾರಖಾನಿ ಹಾಕಿದ. ಮರೋಂ ಗ್ಲಾಸೆ ಅಂದ್ರ ಇಡೀ ಚೆಸ್ಟ್‌ನಟ್ಟನ್ನ ಸಕ್ಕರಿ ಪಾಕದೊಳಗ ದಿನಗಟ್ಟಲೆ ನೆನಸಿ ನೆನಸಿ ಮಾಡೋ ಸಿಹಿ, ನಮ್ಮ ಆಗ್ರಾದ ಪೇಠಾ ಇದ್ದಂಗ. ಹಂಗ ನೆನಸುವಾಗ ಎಷ್ಟೋ ಕಾಯಿ ಒಡದು ಹೋಗ್ತಾವ. ಒಡದದ್ದು ಮಾರಾಟಕ್ಕ ಬರಂಗಿಲ್ಲ. ಆವಾ ಅವನ್ನ ಚೆಲ್ಲಲಿಲ್ಲ. 1885ರಲ್ಲಿ ಆ ಚೂರುಗಳನ್ನ ಅರದು, ಚೆಸ್ಟ್‌ನಟ್ ತಿರುಳು, ಸಕ್ಕರಿ, ವೆನಿಲಾ ಕೂಡಿಸಿ ಕ್ರೆಮ್ ದ ಮರೋಂ ಅಂತ ಡಬ್ಬಿಯೊಳಗ ತುಂಬಿ ಮಾರಿದ. ಇವತ್ತಿಗೂ ಫ್ರಾನ್ಸಿನ ಯಾವುದೇ ಕಿರಾಣಿ ಅಂಗಡಿಗೆ ಹೋಗ್ರಿ, ಆ ಡಬ್ಬಿ ಕಪಾಟಿನೊಳಗ ಕೂತಿರ್ತದ. ಆ ದೇಶದ ಅಜ್ಜಿಗೋಳು ತಮ್ಮ ಅಜ್ಜಿ ಕೈಯಿಂದ ತಿಂದದ್ದೂ ಡಬ್ಬಿಯೊಳಗಿಂದ ಬಂದದ್ದನ. ನೂರ ಮೂವತ್ತು ವರ್ಷದ ಮ್ಯಾಲಾತು. ಹಂತಾದ್ದರೊಳಗ ಧಾರವಾಡದಿಂದ ಹೋದ ನಾವು, ಅಲ್ಲಿ ಹುಟ್ಟಿ ಬೆಳದವರಿಗಿಂತ ಹೆಚ್ಚಿನ ಮಡಿ ಮಾಡಿಕೊಂಡು, ಡಬ್ಬಿ ಮುಟ್ಟಬಾರದು ಅಂತ ಕೂಡೋದು ಯಾವ ನ್ಯಾಯ?

ಈ ಮಾತು ನನಗ ಯಾಕ ಇಷ್ಟು ಹತ್ತೇದ ಅಂದ್ರ, ನನ್ನ ಮಗಳು ಅಳಿಯಂದ್ರು ಲಿಯಾನ್ ಊರೊಳಗ ಇರ್ತಾರ. ಬಾಣಂತನಕ್ಕಂತ ಮೊದಲನೇ ಸರ್ತಿ ಹೋಗಿದ್ದೆ, ಆಮ್ಯಾಲೆ ಇನ್ನೂ ಎರಡು ಸಲ ಥಂಡಿ ದಿನಗಳನ್ನ ಅಲ್ಲೇ ಕಳದು ಬಂದೀನಿ. ಕೂಸಿಗೆ ಐದು ತಿಂಗಳಿದ್ದಾಗ ಮಗಳು ಆಫೀಸಿಗೆ ಹೊಂಟಿದ್ಲು. ರಾತ್ರಿ ನಿದ್ದಿ ಇಲ್ಲ, ಹಗಲು ಪುರಸೊತ್ತಿಲ್ಲ. ಅಂಥಾದ್ದರೊಳಗ ಒಂದು ಐತವಾರ ಗಂಡನ ಆಫೀಸಿನವರು ಊಟಕ್ಕ ಬರೋರಿದ್ರು ಅಂತ ಡಬ್ಬಿ ತಗದು ಆರು ಗ್ಲಾಸು ಮಾಡಿ, ಖುಷಿಯಿಂದ ಮನಿತನದ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದ್ಲು. ನಮ್ಮವರೊಳಗ ಒಬ್ಬ ಹಿರಿಯರು ತಿರುಗಿ ಬರದದ್ದು ಇಷ್ಟ: "ಡಬ್ಬಿದಲ್ಲಾ? ನಿಮ್ಮಜ್ಜಿ ಇದ್ರ ಕೈಯಾರೆ ಮಾಡಿರ್ತಿದ್ರು." ಅಜ್ಜಿ ಚೆಸ್ಟ್‌ನಟ್ಟಿನ ಮುಖ ಸುದ್ದಾ ನೋಡಿದವರಲ್ಲ. ಆದ್ರೂ ಮಗಳ ಮಾರಿ ಸಣ್ಣದಾತು. ಆ ಫೋಟೋ ತಗದುಬಿಟ್ಲು.

ಕೈಯಾರೆ ಅಂದ್ರ ಏನು ಅಂತ ಆ ಹಿರಿಯರಿಗೆ ಹೇಳಬೇಕು ಅನ್ನೋ ಆಸೆ ನನಗ ಇನ್ನೂ ಅದ. ಸುಲದು ನೋಡೀನಿ, ಅದಕ್ಕ ಹೇಳಲಿಕ್ಕೆ ಬರ್ತದ. ಚೆಸ್ಟ್‌ನಟ್ಟಿಗೆ ಎರಡು ಸಿಪ್ಪಿ. ಮ್ಯಾಲಿಂದು ಕಂದು ಬಣ್ಣದ ಗಟ್ಟಿ ಚರ್ಮ, ತೊಗಲಿನ ಹಂಗ. ಚೂಪು ಚಾಕುದಿಂದ ಒಂದೊಂದು ಕಾಯಿಗೂ ಅಡ್ಡ ಗೀರಬೇಕು. ಗೀರದ ಒಲಿಗೆ ಹಾಕಿದ್ರ ಪಟಾಕಿ ಹಂಗ ಒಡದು ಹಾರ್ತಾವ. ಗೀರುವಾಗ ಚಾಕು ಜಾರಿತಂದ್ರ ಬೆರಳು ಹೋತು. ಆಮ್ಯಾಲೆ ನೀರಾಗ ಕುದಿಸಬೇಕು ಇಲ್ಲಾ ಹುರೀಬೇಕು. ಕುದ್ದ ಮ್ಯಾಲೆ ಒಳಗಿನ ತೆಳು ಪೊರಿ ಬಿಡಿಸಬೇಕು. ಆ ಪೊರಿ ಕಹಿ, ಮಡಿಕಿ ಮಡಿಕಿಯೊಳಗ ಹೊಕ್ಕೊಂಡು ಕೂತಿರ್ತದ, ಮತ್ತ ಬಿಸಿ ಇದ್ದಾಗಷ್ಟ ಬಿಡ್ತದ. ಆರಿತಂದ್ರ ಅಂಟಿಕೊಂಡು ಕೂಡ್ತದ, ಮತ್ತ ನೀರಿಗೆ ಹಾಕಬೇಕು. ಬೆರಳ ತುದಿ ಸುಟ್ಟುಕೊಂಡು, ಉಗುರಿನ ಸಂದಿಯೊಳಗ ಚುಚ್ಚಿಸಿಕೊಂಡು ಇಬ್ಬರು ಕೂತ್ರ ಒಂದು ಕಿಲೋಕ್ಕ ಒಂದು ತಾಸು ಬೇಕು. ಹುಳುಕು, ಚೂರು, ಸಿಪ್ಪಿ ಹೋಗಿ ಮುಕ್ಕಾಲು ಕಿಲೋ ಉಳದ್ರ ಪುಣ್ಯ. ಅಲ್ಲಿಂದ ಮುಂದ ಹಾಲು, ವೆನಿಲಾ ಹಾಕಿ ಬೇಯಿಸಿ, ಜರಡಿಯೊಳಗ ತಿಕ್ಕಿ ನುಣ್ಣಗ ಮಾಡಿ, ಸಕ್ಕರಿ ಕೂಡಿಸಿ ಕಾಸಬೇಕು. ಇಷ್ಟೆಲ್ಲಾ ಆದ ಮ್ಯಾಲೆ ಬಾಯಾಗ ಬರೋ ರುಚಿ ಡಬ್ಬಿದಕ್ಕಿಂತ ಛಲೋ ಇರ್ತದೇನು ಅಂದ್ರ, ಸ್ವಲ್ಪ ಬ್ಯಾರೆ ಇರ್ತದ, ಸಿಹಿ ಕಡಿಮಿ ಇರ್ತದ, ಅಷ್ಟ. ಮ್ಯಾಲೆ ಕೆನಿ, ಕೆಳಗ ಮೆರಿಂಗ್ ಬಿದ್ದ ಮ್ಯಾಲೆ ತಿನ್ನೋರಿಗೆ ಆ ಫರಕು ತಿಳಿಯಂಗಿಲ್ಲ.

ಮತ್ತ ಸುಲಿಯೋರು ಯಾರು? ಅದನ್ನ ಕೇಳ್ರಿ ಮೊದಲ. "ಮನಿಯೊಳಗ ಕೈಯಿಂದ ಮಾಡಿದ್ದರ ರುಚಿನೇ ಬ್ಯಾರೆ" ಅಂತ ಹೇಳೋರು ಸೋಫಾದ ಮ್ಯಾಲೆ ಕೂತಿರ್ತಾರ, ಕೈ ಯಾರದೋ ಇರ್ತದ. ಧಾರವಾಡದೊಳಗ ಪೇಡೆ ಯಾರ ಮನ್ಯಾಗ ಮಾಡ್ತಾರ್ರಿ? ಲೈನ್ ಬಝಾರಿನೊಳಗ ಸಾಲಿನೊಳಗ ನಿಂತು ತಂದು, ದೇವರ ಮುಂದ ಇಟ್ಟು, ಬೀಗರಿಗೆ ಕೊಟ್ಟು ಕಳಸ್ತೀವಿ. ಅದನ್ನ ತಂದಾಕಿಗೆ ಮೈಗಳ್ಳಿ ಅಂತ ಅಂದವರನ್ನ ನಾ ನೋಡಿಲ್ಲ. ಖವಾ ಅಂಗಡಿಯಿಂದ ಬರ್ತದ. ಮೊದಲ ಬ್ಯಾಸಗಿಯೊಳಗ ಓಣಿ ಹೆಣ್ಣಮಕ್ಕಳು ಕೂಡಿ ಶಾವಿಗಿ ಹೊಸೀತಿದ್ರು, ಹಪ್ಪಳ ಲಟ್ಟಸ್ತಿದ್ರು. ಈಗ ಎಷ್ಟು ಮಂದಿ ಮನ್ಯಾಗ ಉಳದದ ಅದು? ಕೊಂಡು ತಂದ ಶಾವಿಗಿಯಿಂದ ಪಾಯಸ ಮಾಡಿದ್ರ ಅದಕ್ಕ ಮನಿ ಪಾಯಸ ಅಂತನ ಅಂತೀವಿ. ಹಂಗಾದ್ರ ಚೆಸ್ಟ್‌ನಟ್ ಡಬ್ಬಿಗೆ ಮಾತ್ರ ಯಾಕ ಬ್ಯಾರೆ ಕಾಯದೆ? ಪರದೇಶದೊಳಗಿರೋ ಮಗಳು ತನ್ನ ತವರನ್ನ ಮರೀಲಿಲ್ಲ ಅಂತ ದಿನಾ ಒಂದು ಪರೀಕ್ಷಾ ಕೊಡಬೇಕು, ಅದಕ್ಕ.

ಇನ್ನ ಕೆಲವರು ಅಂತಾರ, ಅಲ್ಲಿ ಪಾರ್ಕಿನೊಳಗ ಪುಗಸಟ್ಟೆ ಬಿದ್ದಿರ್ತಾವಲ್ಲ, ಆರಿಸಿಕೊಂಡು ಬಂದು ಮಾಡ್ರಿ, ಡಬ್ಬಿಗೆ ಯಾಕ ರೊಕ್ಕ ಅಂತ. ಈ ಮಾತಿಗಂತೂ ಕೈ ಮುಗೀತೀನಿ, ದಯಮಾಡಿ ಕೇಳ್ರಿ. ಮಕ್ಕಳ ಕಡೆ ಹೋದ ನಮ್ಮ ವಯಸ್ಸಿನವರು ಸಂಜೀ ಮುಂದ ತಿರುಗಾಡಲಿಕ್ಕೆ ಹೋಗಿ ಕೆಳಗ ಬಿದ್ದದ್ದನ್ನ ಆರಿಸೋ ಚಟ ಇದ್ದವರು. ಅಲ್ಲಿ ರಸ್ತೆ ಬದಿಗೆ, ತೋಟದೊಳಗ ಇರೋವು ಹೆಚ್ಚಾಗಿ ತಿನ್ನೋ ಚೆಸ್ಟ್‌ನಟ್ ಅಲ್ಲ, ಕುದುರಿ ಚೆಸ್ಟ್‌ನಟ್. ಅದು ವಿಷ. ವಾಂತಿ, ಹೊಟ್ಟಿನೋವು ಹಚ್ಚಿ ದವಾಖಾನಿಗೆ ಹಾಕ್ತದ, ಕುದಿಸಿದ್ರೂ ಹೋಗಂಗಿಲ್ಲ. ಮಜಾ ಅಂದ್ರ ಫ್ರೆಂಚರು ಆ ಮರಕ್ಕ ಭಾರತದ ಮರೋಂ ಅಂತ ಅಂತಾರ. ಭಾರತಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ, ಬಾಲ್ಕನ್ ಕಡೆಯ ಮರ. ಹೆಸರು ಕೇಳಿ ನಮ್ಮದೇ ಅಂತ ತಿಳಕೋಬ್ಯಾಡ್ರಿ. ಗುರುತು ಹಿಡಿಯೋದು ಸಲೀಸು. ತಿನ್ನೋ ಚೆಸ್ಟ್‌ನಟ್ಟಿನ ಮ್ಯಾಲಿನ ಕವಚಕ್ಕ ಒತ್ತೊತ್ತಾಗಿ ಸೂಜಿ ಹಂತಾ ಮುಳ್ಳು, ಕೈಯಾಗ ಹಿಡಿಯಲಿಕ್ಕೆ ಬರಂಗಿಲ್ಲ. ಕಾಯಿ ಒಂದು ಕಡೆ ಚಪ್ಪಟಿ, ತುದಿಗೆ ಸಣ್ಣ ಜುಟ್ಟು ಇರ್ತದ. ಕುದುರಿ ಚೆಸ್ಟ್‌ನಟ್ಟಿನ ಕವಚಕ್ಕ ಅಲ್ಲೊಂದು ಇಲ್ಲೊಂದು ಮೊಂಡ ಮುಳ್ಳು, ಕಾಯಿ ಗುಂಡಗ, ನುಣ್ಣಗ, ಜುಟ್ಟು ಇಲ್ಲ. ಅನುಮಾನ ಇದ್ರ ಮುಟ್ಟಲೇಬ್ಯಾಡ್ರಿ. ಡಬ್ಬಿಯೊಳಗ ಈ ತ್ರಾಸೂ ಇಲ್ಲ.

ಡಬ್ಬಿ ಕೊಳ್ಳುವಾಗ ಮಾತ್ರ ಹೆಸರು ಓದಿ ತೊಗೋಬೇಕು. ಕ್ರೆಮ್ ದ ಮರೋಂ ಅಂದ್ರ ಸಕ್ಕರಿ ಹಾಕಿದ್ದು, ತೂಕದೊಳಗ ಅರ್ಧಕ್ಕಿಂತ ಹೆಚ್ಚು ಸಕ್ಕರಿನೇ ಇರ್ತದ. ಪ್ಯೂರೇ ದ ಮರೋಂ ಅಂದ್ರ ಸಕ್ಕರಿ ಇಲ್ಲದ್ದು, ಬರೇ ತಿರುಳು. ನಾವು ಮಾಡೋದು ಹಿಂಗ: ಆರು ಗ್ಲಾಸಿಗೆ ಸಕ್ಕರಿದು 250 ಗ್ರಾಂ, ಸಪ್ಪನ್ನದು 150 ಗ್ರಾಂ, ಒಂದು ಚಿಟಿಕಿ ಉಪ್ಪು, ಒಂದು ಚಮಚ ಬೆಣ್ಣಿ. ಮಿಕ್ಸರಿಗೆ ಹಾಕಿ ಒಂದು ಸುತ್ತು. ಬರೇ ಸಕ್ಕರಿದನ್ನ ಹಾಕಿದ್ರ ಗಂಟಲು ಹಿಡೀತದ, ಬರೇ ಸಪ್ಪನ್ನದು ಹಾಕಿದ್ರ ಬಟಾಟಿ ಪಲ್ಯಾ. ಎರಡೂ ಕೂಡಿದ್ರ ಸರಿ. ಇದು ಕೆಲಸ ಅಲ್ಲೇನ್ರಿ? ನಾಲಿಗಿಗೆ ಹಚ್ಚಿ ನೋಡಿ, ಹೆಚ್ಚು ಕಡಿಮಿ ಮಾಡೋದು ಅಡಗಿ ಅಲ್ಲೇನು?

ಹಂಗಂತ ಎಲ್ಲಾನೂ ಪಾಕೀಟು ಒಡದು ಹಾಕ್ರಿ ಅಂತ ನಾ ಹೇಳಾಕತ್ತಿಲ್ಲ. ಅಲ್ಲಿ ಮೆರಿಂಗ್ ಸುದ್ದಾ ರೆಡಿ ಸಿಗ್ತದ. ಅದನ್ನ ತರೋದು ನನಗ ಒಪ್ಪಿಗಿ ಇಲ್ಲ. ಬಾಯಿಗೆ ಹಾಕಿದ್ರ ಖಡು ತಿಂದಂಗ, ಬರೇ ಸಕ್ಕರಿ ಪುಡಿ. ಮೆರಿಂಗಿಗೆ ಸಾಮಾನು ಎರಡ ಎರಡು, ಖರ್ಚು ಇಲ್ಲ, ಬೆರಳು ಸುಡಂಗಿಲ್ಲ. ಎರಡು ತತ್ತಿಯ ಬಿಳಿ, 120 ಗ್ರಾಂ ಸಕ್ಕರಿ, ಅಂದ್ರ ಬಿಳಿಯ ತೂಕದ ಎರಡು ಪಟ್ಟು. ಭಾಂಡಿಯೊಳಗ ಎಣ್ಣಿ ಪಸಿ ಇರಬಾರದು, ಹಳದಿಯ ಒಂದು ಹನಿನೂ ಬೀಳಬಾರದು. ಜಿಡ್ಡು ಇದ್ರ ನೊರಿ ಏಳಂಗಿಲ್ಲ. ನಾಕು ಹನಿ ನಿಂಬಿರಸ ಹಾಕಿ ಕಡೀರಿ, ನೊರಿ ಬಿಳಿ ಆದ ಮ್ಯಾಲೆ ಸಕ್ಕರಿ ಚಮಚ ಚಮಚ ಹಾಕ್ರಿ. ಒಮ್ಮೆಲೇ ಸುರೀಬ್ಯಾಡ್ರಿ. ಎರಡು ಬೆರಳಿನ ನಡುವ ತಿಕ್ಕಿದ್ರ ಸಕ್ಕರಿ ಹರಳು ಹತ್ತಬಾರದು, ಭಾಂಡಿ ಬೋರಲು ಹಾಕಿದ್ರೂ ಬೀಳಬಾರದು, ಅಲ್ಲಿ ಮಟಾ ಕಡೀಬೇಕು. ಕಾಗದದ ಮ್ಯಾಲೆ ಸಂಡಗಿ ಇಟ್ಟಂಗ ಸಣ್ಣ ಸಣ್ಣಗ ಇಟ್ಟು, ಓವನ್ 95 ಡಿಗ್ರಿ ಸೆಲ್ಸಿಯಸ್ಸಿಗೆ ಹಚ್ಚಿ, ಒಂದೂವರಿ ತಾಸು. ಆಮ್ಯಾಲೆ ಓವನ್ ಬಂದ್ ಮಾಡಿ ಒಳಗ ಆರಲಿಕ್ಕೆ ಬಿಡಬೇಕು. ಇದು ಬೇಯಿಸೋದಲ್ಲ, ಒಣಗಿಸೋದು. ಸಂಡಗಿ ಬಿಸಲಿಗೆ ಇಟ್ಟವರಿಗೆ ಬ್ಯಾರೆ ಹೇಳಬೇಕಾಗಿಲ್ಲ. ಮಳಿ ದಿನ ಮಾಡಬ್ಯಾಡ್ರಿ, ಹಸಿ ಗಾಳಿ ಹೀರಿಕೊಂಡು ಅಂಟಂಟ ಆಗ್ತಾವ. ಡಬ್ಬ್ಯಾಗ ಬಿಗಿಯಾಗಿ ಮುಚ್ಚಿಟ್ರ ವಾರಗಟ್ಟಲೆ ಇರ್ತಾವ. ಒಂದು ದಿನ ಪುರಸೊತ್ತು ಮಾಡಿಕೊಂಡು ಮಾಡಿಟ್ರ ಮೂರು ಸರ್ತಿ ಬರ್ತಾವ. ಅದಕ್ಕ ಹೇಳೋದು, ಕೈಯಿಂದ ಮಾಡಿದ್ರ ಫರಕು ಕಾಣೋ ಕಡೆ ಕೈ ಹಚ್ಚಬೇಕು, ಕಾಣದ ಕಡೆ ಬಿಡಬೇಕು.

ಕೆನಿ ಬಗ್ಗೆ ಒಂದ ಮಾತು: ಸಕ್ಕರಿ ಹಾಕಬ್ಯಾಡ್ರಿ. ನಮ್ಮವರು ಮೆರಿಂಗಿಗೆ ಸಕ್ಕರಿ, ಹೂರಣಕ್ಕ ಸಕ್ಕರಿ, ಕೆನಿಗೂ ನಾಕು ಚಮಚ ಸುರದು, ಆಮ್ಯಾಲೆ "ಈ ಫ್ರಾನ್ಸಿನವರು ಎಷ್ಟು ಸಿಹಿ ತಿಂತಾರವ್ವಾ" ಅಂತಾರ. ಅವರು ತಿನ್ನಂಗಿಲ್ಲ, ನೀವು ಹಾಕೀರಿ. ಕೆನಿ ಸಪ್ಪಗಿದ್ರನ ಹೂರಣದ ರುಚಿ ಎದ್ದು ಬರ್ತದ. ಕೆನಿಯೊಳಗ ಜಿಡ್ಡು 30%ಕ್ಕ ಕಡಿಮಿ ಇರಬಾರದು, ಕೆನಿ ಭಾಂಡಿ ಎರಡೂ ತಣ್ಣಗಿರಬೇಕು. ನಮ್ಮ ದೇಶದೊಳಗ ಪಾಕೀಟಿನ್ಯಾಗ ಸಿಗೋ ಫ್ರೆಶ್ ಕ್ರೀಮು ಸಾಮಾನ್ಯವಾಗಿ 25%ದ್ದು, ಎಷ್ಟು ಕಡದ್ರೂ ಗಟ್ಟಿ ಆಗಂಗಿಲ್ಲ. ವ್ಹಿಪ್ಪಿಂಗ್ ಕ್ರೀಮ್ ಅಂತ ಕೇಳಿ ತೊಗೋರಿ. ಅಲ್ಲಿ ಕಾಸಿಸ್ ಅಂತ ಕಪ್ಪು ಹುಳಿ ಹಣ್ಣು ಸಿಗ್ತಾವ. ತಳಕ್ಕ ಒಂದು ಚಮಚ ಹಾಕಿದ್ರ ಸಿಹಿ ಮುರೀತದ, ಅದು ಇಲ್ಲಾಂದ್ರ ಪೇರ್ ಹಣ್ಣಿನ ಹೋಳು ನಡೀತದ.

ಗ್ಲಾಸು ತುಂಬೋದು ಯಾವಾಗ? ತಿನ್ನೋ ಮುಂದ. ಹಿಂದಿನ ದಿವಸ ತುಂಬಿ ಫ್ರಿಜ್ಜಿನೊಳಗ ಸಾಲು ಹಚ್ಚಿ ಇಟ್ಟು, ಬಂದವರಿಗೆ ಚಂದ ಕಾಣಲಿ ಅಂತ ಮಾಡೋರನ್ನ ನೋಡೀನಿ. ಮೆರಿಂಗ್ ಅಷ್ಟೊತ್ತಿಗೆ ನೀರಾಗಿರ್ತದ. ನಮ್ಮ ಹುಬ್ಬಳ್ಳಿ ಧಾರವಾಡದ ಕಡೆ ಗಿರಮಿಟ್ಟು ಕಲಸಿ ನಾಳಿಗಂತ ಇಟ್ಟವರು ಯಾರರ ಇದ್ದಾರೇನು? ಚುರಮರಿ ಮೆತ್ತಗಾದ ಮ್ಯಾಲೆ ಅದು ಗಿರಮಿಟ್ಟೇನು? ಇದೂ ಹಂಗ. ಹೂರಣ ಮಾಡಿಡ್ರಿ, ಕೆನಿ ಕಡದು ಇಡ್ರಿ, ಮೆರಿಂಗ್ ಡಬ್ಬ್ಯಾಗ ಇರಲಿ. ಊಟ ಆಗಿ ಗಂಗಾಳ ಎತ್ತಿದ ಮ್ಯಾಲೆ ಐದು ನಿಮಿಷದ ಕೆಲಸ. ಮೆರಿಂಗ್ ಮುರದು ಹಾಕಿ, ಕೆನಿ ಹಾಕಿ, ಮ್ಯಾಲೆ ಹೂರಣ. ಶೇವಿನ ಬಿಲ್ಲಿ ಹಾಕಿದ ಚಕ್ಕಲಿ ಒರಳಿನಿಂದ ಒತ್ತಿದ್ರ ಅಗದೀ ಶಾವಿಗಿ ಹಂಗ ಬೀಳ್ತದ, ಅಂಗಡಿಯವರು ಮಾಡಿದಂಗ. ನಾ ಧಾರವಾಡದಿಂದ ಹಿತ್ತಾಳಿದು ಹೊತ್ತುಕೊಂಡು ಹೋಗಿದ್ದೆ, ವಿಮಾನದೊಳಗ ತೂಕ ಆಗ್ತದಂತ ಅಳಿಯಂದ್ರು ನಕ್ಕಿದ್ರು. ಈಗ ಅವರ ಒತ್ತತಾರ. ಗ್ಲಾಸು ದೊಡ್ಡದು ಬ್ಯಾಡ. ಚಹಾ ಕುಡಿಯೋ ವಾಟಿಯಷ್ಟಿದ್ರ ಸಾಕು, ನಾಕು ಚಮಚ ತಿಂದು ಇನ್ನೊಂದು ಬೇಕು ಅನಸಬೇಕು.

ಇನ್ನ ತತ್ತಿ ವಿಷಯ. ಇದನ್ನ ಬಿಟ್ಟು ಮುಂದ ಹೋಗಲಿಕ್ಕೆ ನನ್ನ ಕೈಲೆ ಆಗಂಗಿಲ್ಲ, ಡಬ್ಬಿಗಿಂತ ದೊಡ್ಡ ಮಾತು ಇದು. ನಮ್ಮ ಮನಿಗಳೊಳಗ ತತ್ತಿ ತಿನ್ನದವರು ಇದ್ದಾರ. ನನ್ನ ಮಗಳ ಮನ್ಯಾಗ ತಿಂತಾರ, ನಾ ತಿನ್ನಂಗಿಲ್ಲ, ಮಾಡಿ ಕೊಡಲಿಕ್ಕೆ ನನ್ನ ತಕರಾರಿಲ್ಲ. ರುಚಿ ನೋಡೋ ಕೆಲಸ ಅವರದು. ಆದ್ರ ಅಲ್ಲೇ ಒಂದು ದೀಪಾವಳಿ ಊಟದೊಳಗ, ಯಾರ ಮನಿ ಅಂತ ಹೇಳಂಗಿಲ್ಲ, ಊರಿಂದ ಬಂದಿದ್ದ ಎಪ್ಪತ್ತು ದಾಟಿದ ಹಿರಿಯ ಹೆಣ್ಣಮಗಳೊಬ್ಬರಿಗೆ ಈ ಗ್ಲಾಸು ಕೊಟ್ರು. ಅವರು ಕೇಳಿದ್ರು, "ಇದರಾಗ ತತ್ತಿ ಏನರ ಅದ ಏನವಾ?" ಕೊಟ್ಟಾಕಿ, "ಇಲ್ಲ ಮಾವಶಿ, ಬರೇ ಕೆನಿ ಸಕ್ಕರಿ" ಅಂದ್ಲು. ಅವರು ತಿಂದ್ರು, ಛಲೋ ಆಗೇದ ಅಂತ ಅಂದ್ರು ಸುದ್ದಾ. ಎರಡು ದಿನ ಬಿಟ್ಟು ಮಾತಿನೊಳಗ ಮಾತು ಬಂದು ಗೊತ್ತಾತು. ಜಗಳ ಮಾಡಲಿಲ್ಲ, ಅಳಲಿಲ್ಲ. ಆದ್ರ ಆಮ್ಯಾಲೆ ಊರಿಗೆ ಹೋಗೋ ಮಟಾ ಯಾರ ಮನಿಗೆ ಕರದ್ರೂ ತಮ್ಮ ಡಬ್ಬ್ಯಾಗ ಮೊಸರನ್ನ ಕಟ್ಟಿಕೊಂಡು ಬರ್ತಿದ್ರು. ನಮ್ಮನಿಗೂ.

ಇದರ ಬಗ್ಗೆ ಮಾತಾಡಿದ್ರ ಈಗಿನವರು ಏನಂತಾರಂದ್ರ, "ಅಷ್ಟು ಕೇಕು ಬಿಸ್ಕೀಟು ತಿಂತಾರ, ಇದರಾಗೇನದ? ಒಣಗಿಸಿದ ಮ್ಯಾಲೆ ತತ್ತಿ ವಾಸನಿ ಸುದ್ದಾ ಇರಂಗಿಲ್ಲ, ಗೊತ್ತಾಗದಿದ್ರ ಪಾಪ ಎಲ್ಲಿಂದ ಬಂತು?" ಪಾಪದ ಲೆಕ್ಕ ನನಗ ಗೊತ್ತಿಲ್ಲ, ಅದನ್ನ ನಾ ಕೇಳಾಕತ್ತೂ ಇಲ್ಲ. ಆ ಹಿರಿಯಾಕಿ ಕೇಳಿದ್ರು, ನೀವು ಸುಳ್ಳು ಹೇಳಿದ್ರಿ. ತಟ್ಟೆಯೊಳಗ ಏನದ ಅಂತ ಉಣ್ಣೋರಿಗೆ ಗೊತ್ತಿರಬೇಕು. ಜಾತಿ, ಮಡಿ, ನಂಬಿಕಿ ಎಲ್ಲಾ ಆಚೆ ಇರಲಿ. ಕೆಲವರಿಗೆ ತತ್ತಿ ಮೈಗೆ ಆಗಿ ಬರಂಗಿಲ್ಲ, ಉಸಿರು ಕಟ್ಟೋರು ಇದ್ದಾರ. ಅವರಿಗೂ ಹಿಂಗ ನಕ್ಕೋಂತ "ಇಲ್ಲ" ಅಂತೀರೇನು? ಪರದೇಶದೊಳಗ ಮಕ್ಕಳ ಮನಿಗೆ ಹೋದ ಹಿರಿಯರು ಭಾಷಾ ಬರದ, ಡಬ್ಬಿ ಮ್ಯಾಲಿನ ಅಕ್ಷರ ಓದಲಿಕ್ಕೆ ಬರದ, ನಮ್ಮ ಬಾಯಿ ಮಾತನ್ನ ನಂಬಿ ಬಾಯಿ ತೆಗೀತಾರ. ಆ ಒಂದ ನಂಬಿಕಿ ಅವರ ಕೈಯಾಗ ಇರೋದು.

ತತ್ತಿ ಇಲ್ಲದ ಮೆರಿಂಗ್ ಬೇಕಂದ್ರ ಸುಳ್ಳು ಹೇಳೋ ಜರೂರಿಲ್ಲ, ದಾರಿ ಅದ. 2014ರಲ್ಲಿ ಫ್ರಾನ್ಸಿನ ಜೋಎಲ್ ರೋಸೆಲ್ ಅನ್ನೋರು ಕಾಳು ಬೇಯಿಸಿದ ನೀರು ತತ್ತಿ ಬಿಳಿಯ ಹಂಗ ನೊರಿ ಬರ್ತದ ಅಂತ ತೋರಿಸಿದ್ರು. ಮುಂದಿನ ವರ್ಷ ಅಮೇರಿಕಾದ ಗೂಸ್ ವೋಲ್ಟ್ ಅನ್ನೋರು ಅದಕ್ಕ ಅಕ್ವಾಫಾಬಾ ಅಂತ ಹೆಸರಿಟ್ರು. ಕಾಬೂಲಿ ಕಡ್ಲಿ ಬೇಯಿಸಿದ ಕಟ್ಟು, ಅಷ್ಟ. ಹೋಳಿಗಿ ದಿನ ಕಡ್ಲಿಬ್ಯಾಳಿ ಕಟ್ಟು ಚೆಲ್ಲದ ಕಟ್ಟಿನ ಸಾರು ಮಾಡೋ ನಮಗ, ಕಟ್ಟಿನೊಳಗ ಸತ್ವ ಅದ ಅಂತ ಯಾರೂ ಹೊರಗಿಂದ ಬಂದು ಹೇಳಬೇಕಾಗಿರಲಿಲ್ಲ ಬಿಡ್ರಿ, ಆದ್ರ ನೊರಿ ಬರ್ತದ ಅಂತ ಗೊತ್ತಿರಲಿಲ್ಲ. ಉಪ್ಪಿಲ್ಲದ ಬೇಯಿಸಿದ ಕಟ್ಟನ್ನ ಕುದಿಸಿ ಲೋಳಿ ಹಂಗ ಗಟ್ಟಿ ಮಾಡಿ, ತಣ್ಣಗ ಮಾಡಿ, ನಿಂಬಿರಸ ಹಾಕಿ ಮಿಷನ್ನಿನಿಂದ ಹತ್ತು ಹನ್ನೆರಡು ನಿಮಿಷ ಕಡದ್ರ ಬೆಳ್ಳಗ ಏಳ್ತದ. ಸಕ್ಕರಿ ಹಂಗ ಸ್ವಲ್ಪ ಸ್ವಲ್ಪ. ಒಣಗಲಿಕ್ಕೆ ಎರಡು ತಾಸು ಬೇಕು, ತತ್ತಿದಕ್ಕಿಂತ ಲಗೂ ಮೆತ್ತಗಾಗ್ತದ, ತಿನ್ನೋ ವ್ಯಾಳ್ಯಾಕ್ಕನ ಹಾಕಬೇಕು. ಬಾಯಾಗ ಕಡ್ಲಿ ರುಚಿ ಬರಂಗಿಲ್ಲ, ಇದನ್ನ ನಾನ ತಿಂದು ನೋಡೀನಿ. ಇಷ್ಟು ಮಾಡ್ಲಿಕ್ಕೆ ಆಗದಿದ್ರ ಹಿರಿಯರ ಗ್ಲಾಸಿಗೆ ಮೆರಿಂಗ್ ಬಿಟ್ಟು ಕೆನಿ, ಹೂರಣ, ಹಣ್ಣು ಹಾಕಿ ಕೊಡ್ರಿ, ಅವರೇನು ಬ್ಯಾಡ ಅಂತಾರ? ರೆಡಿ ಕ್ರೀಮು ತೊಗೊಂಡ್ರ ಡಬ್ಬಿ ಹಿಂದ ಜೆಲಟಿನ್ ಅಂತ ಬರದದೇನು ಅಂತ ನೋಡ್ರಿ, ಅದು ಪ್ರಾಣಿ ಎಲುಬು, ಚರ್ಮದಿಂದ ಬರೋದು.

ಹೆಸರಿನ ಮಾತೂ ಇದಕ್ಕ ಕೂಡಿದ್ದ. ಇಲ್ಲಿ ನಮ್ಮ ಊರೊಳಗ ಚೆಸ್ಟ್‌ನಟ್ ಸಿಗಂಗಿಲ್ಲ, ಬೆಳೆಯೋದೂ ಇಲ್ಲ. ಇಂಗ್ಲಿಷಿನ ಹೆಸರು ನೋಡಿ ಉಪವಾಸದ ಶಿಂಗಾಡಿ ಹಿಟ್ಟು ತಂದು ಮೋಂ ಬ್ಲಾಂ ಮಾಡಿದೆ ಅಂತ ಒಬ್ಬಾಕಿ ವಿಡಿಯೋ ಹಾಕ್ಯಾಳ. ಶಿಂಗಾಡಿ ಕೆರಿ ನೀರಾಗ ಬೆಳೆಯೋ ಬಳ್ಳಿ, ಇದು ಗುಡ್ಡದ ಮ್ಯಾಲಿನ ಮರ. ಹೆಸರಿನ ಬಾಲ ಒಂದ ಬಿಟ್ರ ಯಾವ ನೆಂಟಸ್ತಿಕಿನೂ ಇಲ್ಲ. ಇನ್ನೊಬ್ಬಾಕಿ ಗೋಡಂಬಿ ಅರದು, ಕೋಕೋ ಪುಡಿ ಹಾಕಿ ಬಣ್ಣ ತಂದಾಳ. ಗೆಣಸು ಬೇಯಿಸಿ ಹೂರಣ ಮಾಡಿ, ಕೆನಿ ಹಾಕಿ ಗ್ಲಾಸಿನ್ಯಾಗ ಕೊಡ್ರಿ, ರುಚಿನೂ ಸಮೀಪ ಬರ್ತದ, ನಾ ಮೊದಲ ತಿಂತೀನಿ. ಆದ್ರ ಅದಕ್ಕ ಗೆಣಸಿನ ಗ್ಲಾಸು ಅಂತ ಕರೀರಿ. ಗೆಣಸಿಗೆ ಏನು ಕಡಿಮಿ ಆಗೇದ ಅಂತ ಆಲ್ಪ್ಸ್ ಪರ್ವತದ ಹೆಸರು ಕಟ್ಟಬೇಕು? ಜಪಾನಿನವರು ಟೋಕಿಯೋದ ಜಿಯುಗಾವೋಕಾದೊಳಗ ತಮ್ಮದೇ ಹಳದಿ ಬಣ್ಣದ ಮೋಂ ಬ್ಲಾಂ ಮಾಡ್ಯಾರ, ಈಗ ದೇಶ ತುಂಬ ಅದ. ಆದ್ರ ಅವರು ಹಾಕಿದ್ದು ತಮ್ಮ ನಾಡಿನ ಖರೇ ಚೆಸ್ಟ್‌ನಟ್ಟನ್ನ, ಪಾಕದೊಳಗ ಇಟ್ಟದ್ದು. ಬಣ್ಣ ಬದಲಾತು, ಕಾಯಿ ಬದಲಾಗಲಿಲ್ಲ.

ಮಗಳಿಗೆ ನಾ ಹೇಳಿ ಬಂದೀನಿ, ಇನ್ನೊಮ್ಮೆ ಫೋಟೋ ಹಾಕುವಾಗ ಗ್ಲಾಸಿನ ಬಾಜೂಕ್ಕ ಡಬ್ಬಿನೂ ಇಟ್ಟು ತಗಿ ಅಂತ. ಆಕಿ ಹಾಕ್ತಾಳೋ ಬಿಡ್ತಾಳೋ ಆಕಿಗೆ ಬಿಟ್ಟದ್ದು. ಉಳದ ಹೂರಣ ತವರದ ಡಬ್ಬಿಯೊಳಗ ಇಡಬ್ಯಾಡ್ರಿ, ಗಾಜಿನ ಬಾಟ್ಲಿಗೆ ತಗದು ಫ್ರಿಜ್ಜಿನೊಳಗ ಇಟ್ರ ಒಂದು ವಾರ ಇರ್ತದ. ನಮ್ಮ ಮೊಮ್ಮಗ ಅದನ್ನ ಬಿಸಿ ಚಪಾತಿಗೆ ಹಚ್ಚಿಸಿಕೊಂಡು, ಸುರುಳಿ ಮಾಡಿಸಿಕೊಂಡು ತಿಂತಾನ.